ಮರಳಿಲಿಗಳು ತೋಡಿದ ಸುರಂಗ

ಆ ಎರಡು ಮರಳಿಲಿಗಳು ನಮ್ಮ ಮನೆಗೆ ಬಂದದ್ದು ಏಪ್ರಿಲ್‌ನಲ್ಲಿ, ರಸ್ತೆಯಂಚಿನ ಹಿಮ ಇನ್ನೂ ಕರಗದೆ ಮಸಿ ಹಿಡಿದು ಬಿದ್ದಿದ್ದಾಗ. ನಾನು ಮಕ್ಕಳಿಗೆ ಊಟ ಬೇಯಿಸುತ್ತಿದ್ದ ಶಾಲೆಯಲ್ಲಿ ಮಿನಾಗಾವಾ ಮೇಡಂ ಎಂಬ ಟೀಚರ್ ಇದ್ದರು. ಅವರಿಗೆ ಸಪ್ಪೊರೊಗೆ ವರ್ಗವಾಯಿತು. ಮೂರನೇ ತರಗತಿಯ ಮಕ್ಕಳು ಸಾಕಿದ್ದ ಈ ಜೋಡಿ ಮರಳಿಲಿಗಳನ್ನು ರೈಲಿನಲ್ಲಿ ಕರೆದೊಯ್ಯುವ ಧೈರ್ಯ ಅವರಿಗಿರಲಿಲ್ಲ.

"ಸುಮಿಯೆ ಅಕ್ಕ, ನಿಮ್ಮ ಮನೇಲಿ ಜಾಗ ಇದೆ. ಯಜಮಾನರಿಗೂ ಹೊತ್ತು ಹೋಗತ್ತೆ," ಎಂದು ಪೆಟ್ಟಿಗೆಯನ್ನು ನನ್ನ ಕೈಗಿಟ್ಟೇಬಿಟ್ಟರು.

ಹೊತ್ತು ಹೋಗುವುದು ಬೇಕೇ ಆಗಿತ್ತು. ನಮ್ಮೂರು ಓತಮನಾಯ್‌ನ ಕಲ್ಲಿದ್ದಲು ಗಣಿ ಮುಚ್ಚಿ ಆರು ವರ್ಷವಾಗಿತ್ತು. ಮೂವತ್ತೈದು ವರ್ಷ ಸಮುದ್ರದ ತಳದ ಕೆಳಗೆ ಕೆಲಸ ಮಾಡಿದ ನನ್ನ ಗಂಡ ಇಸಾಕು ಈಗ ಕಿಟಕಿಯ ಪಕ್ಕ ಕೂತು, ಅದೇ ಸಮುದ್ರವನ್ನು ಮೇಲಿಂದ ನೋಡುತ್ತಿದ್ದರು. ಮಾತಾಡಿಸಿದರೆ ಮಾತು. ಇಲ್ಲದಿದ್ದರೆ ಇಲ್ಲ.

ಪೆಟ್ಟಿಗೆಯೊಳಗೆ ಇಣುಕಿ ನೋಡಿ ಅವರೆಂದರು, "ಬೆಕ್ಕು ತಂದಿದ್ರೆ ಇಲಿನಾದ್ರೂ ಹಿಡೀತಿತ್ತು. ನೀನು ಇಲಿನೇ ತಂದಿದ್ದೀಯಲ್ಲೇ!"

"ಬರೀ ಇಲಿ ಅಲ್ಲ ರೀ, ಮರಳಿಲಿ. ಮಂಗೋಲಿಯಾದ್ದು."

"ಅಲ್ಲಿಂದ ನಡ್ಕೊಂಡು ಬಂತಾ? ಸುಸ್ತಾಗಿರತ್ತೆ, ಮಲಗ್ಸು."

ಕಂದು ಬಣ್ಣದ್ದು ಮಾಮೆ, ಕಪ್ಪನೆಯದು ಗೊಮಾ. ಹುರಿದ ಕಾಳಿನಂತೆ ಒಂದು, ಎಳ್ಳಿನಂತೆ ಇನ್ನೊಂದು ಎಂದು ಮಕ್ಕಳು ಹಾಗೆ ಹೆಸರಿಟ್ಟಿದ್ದರು. ಎರಡೂ ಒಂದೇ ಸೂಲಿನ ಅಣ್ಣತಮ್ಮ. ಮೊದಲ ವಾರ ಇಸಾಕು ಅವುಗಳ ಹತ್ತಿರ ಸುಳಿಯಲಿಲ್ಲ. ಎರಡನೇ ವಾರ ನಾನು ಕೆಲಸ ಮುಗಿಸಿ ಬಂದರೆ ಪೆಟ್ಟಿಗೆ ಮಾಯವಾಗಿತ್ತು. ಹಿಂದೆ ಮೀನು ಸಾಕಿದ್ದ ನಮ್ಮ ದೊಡ್ಡ ಗಾಜಿನ ತೊಟ್ಟಿಯನ್ನು ಅಟ್ಟದಿಂದ ಇಳಿಸಿ, ತೊಳೆದು, ಅದರಲ್ಲಿ ಮುಕ್ಕಾಲು ಭಾಗ ಮರದ ಹೊಟ್ಟು, ಒಣಹುಲ್ಲು, ಒಂದಿಷ್ಟು ಮಣ್ಣು ಕಲಸಿ ಒತ್ತಿ ತುಂಬಿದ್ದರು.

"ಆ ಸಣ್ಣ ಡಬ್ಬೀಲಿ ಅವು ಎಲ್ಲಿ ಅಗೀಬೇಕು? ಅಗಿಯೋ ಪ್ರಾಣಿ ಕಣೇ ಅದು. ಅಗೀದಿದ್ರೆ ಹುಚ್ಚು ಹಿಡಿಯತ್ತೆ," ಎಂದರು. ಅದನ್ನು ಹೇಳುವಾಗ ಅವರ ಮುಖ ನೋಡಿ ನನಗೆ ಸಂಕಟವಾಯಿತು.

ಅಲ್ಲಿಂದ ಎರಡು ತಿಂಗಳು ನಮ್ಮ ಮನೆಯಲ್ಲಿ ನಗುವಿತ್ತು. ಬಟ್ಟಲಿಗೆ ನಯವಾದ ಮರಳು ಹಾಕಿಟ್ಟರೆ ಅವೆರಡೂ ಬಂದು ಅದರಲ್ಲಿ ಹೊರಳಿ, ಮೈ ಕೊಡವಿ, ಹಿಂಗಾಲ ಮೇಲೆ ನೆಟ್ಟಗೆ ನಿಂತು ನಮ್ಮನ್ನೇ ನೋಡುತ್ತಿದ್ದವು. ಸೂರ್ಯಕಾಂತಿ ಬೀಜವನ್ನು ಇಸಾಕುವಿನ ಬೆರಳ ತುದಿಯಿಂದ ಎರಡು ಕೈಯಲ್ಲಿ ಇಸಿದುಕೊಳ್ಳುತ್ತಿದ್ದವು. ಗಣಿಯೊಳಗೆ ಬುತ್ತಿ ಬಿಚ್ಚಿದಾಗ ಬರುತ್ತಿದ್ದ ಇಲಿಗಳಿಗೆ ಎಲ್ಲರೂ ಒಂದು ತುತ್ತು ಅನ್ನ ಎಸೆಯುತ್ತಿದ್ದರಂತೆ, ಅವುಗಳನ್ನು ಯಾರೂ ಹೊಡೆಯುತ್ತಿರಲಿಲ್ಲವಂತೆ. ಮದುವೆಯಾಗಿ ಮೂವತ್ತೆಂಟು ವರ್ಷದ ಮೇಲೆ ಈ ಸಂಗತಿಯನ್ನು ನಾನು ಮೊದಲ ಸಲ ಕೇಳಿದೆ.

ಜೂನ್‌ನಲ್ಲಿ ನನ್ನಿಂದ ಒಂದು ತಪ್ಪಾಯಿತು. ಮೇಜಿನಿಂದ ಹಾರಲು ಹೋದ ಮಾಮೆಯನ್ನು ಗಾಬರಿಯಲ್ಲಿ ಬಾಲ ಹಿಡಿದು ಎಳೆದೆ. ಬಾಲದ ತುದಿಯ ಚರ್ಮ ಕೂದಲ ಸಮೇತ ಕಾಲುಚೀಲದಂತೆ ಕಳಚಿ ನನ್ನ ಬೆರಳಿನಲ್ಲಿ ಉಳಿಯಿತು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಇಸಾಕು ಗಾಯ ತೊಳೆದು ಔಷಧಿ ಹಚ್ಚಿದರು. "ಬಿಡೆ, ಗಣೀಲಿ ಬೆರಳು ಕಳ್ಕೊಂಡೋರು ಎಷ್ಟು ಜನ ಇಲ್ಲ. ಎಲ್ಲಾ ಉಂಡ್ಕೊಂಡು ತಿಂದ್ಕೊಂಡು ಚೆನ್ನಾಗೇ ಇದಾರೆ," ಎಂದರು. ಮಾಮೆಯ ಗಾಯವೂ ಒಣಗಿತು. ಮೊಂಡು ಬಾಲ ಉಳಿಯಿತು.

ಜುಲೈ ಬಂದರೆ ನಮ್ಮೂರಿಗೆ ಮಂಜು ಇಳಿಯುತ್ತದೆ. ಮಧ್ಯಾಹ್ನ ಎರಡು ಗಂಟೆಗೂ ಎದುರು ಮನೆಯ ಗೋಡೆ ಕಾಣಿಸುವುದಿಲ್ಲ. ಅಂಥ ಒಂದು ಮಧ್ಯಾಹ್ನ ಇಸಾಕು ತೊಟ್ಟಿಯ ಮುಂದೆ ಮಂಡಿಯೂರಿ ಕೂತಿದ್ದರು. ಇಲಿಗಳು ಗಾಜಿಗೆ ಒತ್ತಿಕೊಂಡೇ ಸುರಂಗ ತೋಡಿದ್ದರಿಂದ ಒಳಗಿನ ದಾರಿಯೆಲ್ಲ ಹೊರಗೆ ಕಾಣುತ್ತಿತ್ತು. ಇಸಾಕು ಬೆರಳನ್ನು ಗಾಜಿನ ಮೇಲೆ ಸರಿಸುತ್ತ ಏನೋ ಗೊಣಗುತ್ತಿದ್ದರು.

"ಏನ್ರೀ ಅದು?"

"ಇದು ನಮ್ಮ ಗಣಿ ದೊಡ್ಡ ಇಳಿಜಾರು. ಇಲ್ಲಿ ಅಡ್ಡ ಸುರಂಗ, ಬಲ ಒಂದು, ಬಲ ಎರಡು. ಇದು ಗಾಳಿ ಬರೋ ದಾರಿ." ಬೆರಳು ಕೆಳಗಿಳಿದು ಎಡಕ್ಕೆ ತಿರುಗಿ ನಿಂತಿತು. "ಇದು ಎಡ ಮೂರು."

ನಾನು ನಕ್ಕೆ. "ಇನ್ನೊಂದು ವಾರ ಬಿಟ್ಟರೆ ಕಲ್ಲಿದ್ದಲೂ ತೆಗೀತಾವೆ."

ಅವರು ನಗಲಿಲ್ಲ. ಮರುದಿನ ಇಲಿಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯಲ್ಲಿದ್ದುದನ್ನೆಲ್ಲ ಸುರಿದು, ಹೊಸ ಹೊಟ್ಟು ತುಂಬಿದರು. ನಾಲ್ಕನೇ ದಿನಕ್ಕೆ ಇಳಿಜಾರು, ಬಲ ಒಂದು, ಬಲ ಎರಡು, ಗಾಳಿಯ ದಾರಿ, ಎಡ ಮೂರು ಎಲ್ಲ ಮೊದಲಿನಂತೆಯೇ ಮೂಡಿದ್ದವು. ಮತ್ತೆ ಸುರಿದರು. ಈ ಸಲ ತೊಟ್ಟಿಯ ದಿಕ್ಕು ಬದಲಿಸಿ, ಗೋಡೆಗೆ ಅಂಟಿದ್ದ ಮೈ ನಮ್ಮ ಕಡೆ ಬರುವಂತೆ ಇಟ್ಟರು. ಐದು ದಿನ ಬೇಕಾಯಿತು ಅಷ್ಟೆ.

"ಇಲಿಗೆ ಗೊತ್ತಿರೋದೇ ಒಂದು ದಾರಿ ರೀ. ನಾನು ಕಣ್ಣು ಮುಚ್ಚಿಕೊಂಡು ಸಾರು ಮಾಡಲ್ವಾ, ಹಾಗೆ," ಎಂದೆ.

ಅವರು ಬೀರುವಿನ ತಳದಿಂದ ಗಣಿಯ ಹಳೆಯ ನಕ್ಷೆಯೊಂದನ್ನು ತೆಗೆದರು. ತೆಳುವಾದ ಕಾಗದ, ಮಡಿಕೆಗಳಲ್ಲಿ ಹಳದಿಯಾಗಿತ್ತು. ಅದನ್ನು ಗಾಜಿಗೆ ಹಿಡಿದು, ಸುರಂಗದ ಬಾಯಿಗೆ ನನ್ನಿಂದ ಟಾರ್ಚ್ ಹಿಡಿಸಿದರು. ಕಾಗದದ ಗೆರೆಗಳ ಹಿಂದೆ ಇಲಿಗಳ ಸುರಂಗ ಬೆಳಗಿತು. ಒಂದರ ಮೇಲೊಂದು ಕೂತಿತು. ನಾನು ನೋಡಿದ್ದೇನೆ, ಯಾರೋ ಹೇಳಿದ್ದಲ್ಲ. ಎಡ ಮೂರನೇ ಸುರಂಗದಲ್ಲಿ, ಬಾಯಿಂದ ಸ್ವಲ್ಪ ಒಳಗೆ, ನಕ್ಷೆಯ ಮೇಲೆ ಕೆಂಪು ಪೆನ್ಸಿಲ್ಲಿನ ಅಡ್ಡಗೆರೆಯಿತ್ತು. ಗಾಜಿನ ಹಿಂದೆ ಅದೇ ಜಾಗದಲ್ಲಿ ಇಲಿಗಳು ನಾವು ಕಡಿಯಲೆಂದು ಹಾಕಿದ್ದ ರಟ್ಟನ್ನು ಚೂರು ಮಾಡಿ ಗಟ್ಟಿಯಾಗಿ ತುರುಕಿ ದಾರಿ ಮುಚ್ಚಿದ್ದವು.

ಆ ಅಡ್ಡಗೆರೆ ಏನೆಂದು ನನಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಇಪ್ಪತ್ತಾರು ವರ್ಷದ ಹಿಂದೆ, ಅಕ್ಟೋಬರ್‌ನಲ್ಲಿ, ಎಡ ಮೂರರಲ್ಲಿ ಅನಿಲ ಉಕ್ಕಿ ಬೆಂಕಿ ಹತ್ತಿತ್ತು. ಮೂರು ಜನ ಹೊರಗೆ ಬರಲಿಲ್ಲ. ಎರಡು ದಿನದ ಮೇಲೆ, ಗಾಳಿ ಕಟ್ಟಿದರೆ ಬೆಂಕಿ ಸಾಯುತ್ತದೆಂದು ಸುರಂಗಕ್ಕೆ ಗೋಡೆ ಹಾಕಿ ಮುಚ್ಚಿದರು. ಮುಚ್ಚುವ ಮೊದಲು ಮೂವರ ಮನೆಯವರಿಂದಲೂ ಒಪ್ಪಿಗೆಯ ಕಾಗದಕ್ಕೆ ಸಹಿಯ ಬದಲು ಮನೆಯ ಮೊಹರು ಹಾಕಿಸಿಕೊಂಡರು. ಆ ಮೂವರಲ್ಲಿ ತೊಕುಜಿ ನನ್ನ ಗಂಡನ ಜೊತೆಗಾರ. ಅವನ ಹೆಂಡತಿ ಚಿಯೊಗೆ ಆಗ ಮೂವತ್ತೊಂದು ವರ್ಷ. ಗಣಿಯ ಬಾಗಿಲಲ್ಲಿ ಅವಳ ಪಕ್ಕ ಕೂತಿದ್ದವಳು ನಾನು. "ಹಾಕು ಚಿಯೊ, ಉಳಿದವರಾದ್ರೂ ಉಳೀಲಿ," ಎಂದು ಅವಳ ಕೈಗೆ ಮೊಹರು ಕೊಟ್ಟವಳೂ ನಾನೇ.

ಚಿಯೊ ಆಮೇಲೆ ಕ್ಷೌರದ ಕೆಲಸ ಕಲಿತು ಬಂದರಿನ ರಸ್ತೆಯಲ್ಲಿ ಅಂಗಡಿಯಿಟ್ಟಳು. ಇಸಾಕು ಅಂದಿನಿಂದ ತಿಂಗಳಿಗೊಮ್ಮೆ ಅಲ್ಲಿಗೇ ಹೋಗುತ್ತಿದ್ದರು.

ಅದು ಆಗಸ್ಟ್ ಎಂಟನೇ ತಾರೀಖು. ಶಾಲೆಗೆ ರಜೆ, ನಾನು ಮನೆಯಲ್ಲೇ ಇದ್ದೆ. ಊಟ ಮುಗಿದಿತ್ತು. ಹೊರಗೆ ಹಾಲು ಚೆಲ್ಲಿದಂತೆ ಮಂಜು. ಬೆಳಗಿನಿಂದ ಮಾಮೆ ಕಾಣಿಸಿರಲಿಲ್ಲ. ಗೊಮಾ ಮಾತ್ರ ರಟ್ಟಿನ ಚೂರುಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಎಡ ಮೂರರ ಗೋಡೆಗೆ ಇನ್ನಷ್ಟು, ಇನ್ನಷ್ಟು ಒತ್ತುತ್ತಿತ್ತು.

ಆಗ ಸದ್ದು ಕೇಳಿಸಿತು. ತಪ್, ತಪ್, ತಪ್. ಸ್ವಲ್ಪ ಬಿಟ್ಟು ಮತ್ತೆ ತಪ್, ತಪ್, ತಪ್.

ಹೆದರಿದಾಗ ಮರಳಿಲಿಗಳು ಹಿಂಗಾಲಿನಿಂದ ನೆಲ ಬಡಿಯುವುದುಂಟು. ಅದು ಡೋಲಿನಂತೆ ಒಂದೇ ಸಮನೆ ಇರುತ್ತದೆ. ಇದು ಎಣಿಸಿ ಬಡಿದಂತಿತ್ತು. ಗೊಮಾ ನಮ್ಮ ಕಣ್ಣೆದುರೇ, ಹೊಟ್ಟಿನ ಮೇಲೆ ಕಿವಿ ನೆಟ್ಟಗೆ ಮಾಡಿ ಅಲುಗಾಡದೆ ನಿಂತಿತ್ತು. ಸದ್ದು ಬರುತ್ತಿದ್ದದ್ದು ರಟ್ಟಿನ ಗೋಡೆಯ ಹಿಂದಿನಿಂದ.

"ನಿನಗೂ ಕೇಳಿಸ್ತಾ ಇದೆಯಾ?" ಎಂದರು ಇಸಾಕು.

"ಕೇಳಿಸ್ತಿದೆ ರೀ. ಮಾಮೆ ಒಳಗೆ ಸಿಕ್ಕಿಹಾಕ್ಕೊಂಡಿದೆ. ತೆಗೀರಿ."

ಅವರು ಏಳಲಿಲ್ಲ. ತಪ್, ತಪ್, ತಪ್.

"ತೆಗೀರಿ ಅಂದ್ನಲ್ಲ!"

ಆಗ ಒಮ್ಮೆಲೇ ಎದ್ದು ಎರಡೂ ಕೈಗಳನ್ನು ಮೊಣಕೈವರೆಗೆ ತೊಟ್ಟಿಯೊಳಗೆ ತೂರಿಸಿದರು. ಹೊಟ್ಟು ಕುಸಿಯಿತು, ಇಳಿಜಾರು ಮುಚ್ಚಿಹೋಯಿತು. ರಟ್ಟಿನ ಗೋಡೆಯನ್ನು ಉಗುರಿನಿಂದ ಕಿತ್ತು ಎಸೆದು, ಹಿಂದಿನ ಗೂಡಿನಿಂದ ಮಾಮೆಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು.

ಅದು ತಣ್ಣಗಿತ್ತು. ಕಾಲುಗಳು ಕಡ್ಡಿಯಂತೆ ಸೆಟೆದಿದ್ದವು, ಕಣ್ಣಿನ ಮೇಲೆ ಪೊರೆ ಬಂದಿತ್ತು. ಶಾಲೆಯ ಅಡುಗೆಮನೆಯಲ್ಲಿ ಎಷ್ಟೋ ಮೀನು, ಕೋಳಿ ಕೈಯಲ್ಲಿ ಹಿಡಿದವಳು ನಾನು. ಸತ್ತು ಎಷ್ಟು ಹೊತ್ತಾಗಿದೆಯೆಂದು ಮುಟ್ಟಿದರೆ ತಿಳಿಯುತ್ತದೆ. ಮಾಮೆ ಬೆಳಗಿನ ಜಾವಕ್ಕೂ ಮೊದಲೇ ಸತ್ತಿತ್ತು. ಸದ್ದು ನಿಂತು ಒಂದು ನಿಮಿಷವೂ ಆಗಿರಲಿಲ್ಲ.

ಇಸಾಕು ಹೊಟ್ಟು ಮೆತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಗೋಡೆ ಹಾಕಿದ ಎಂಟು ಜನದಲ್ಲಿ ನಾನೂ ಒಬ್ಬ."

"ಗೊತ್ತು ರೀ."

"ಅದಷ್ಟೇ ಗೊತ್ತು ನಿಂಗೆ. ಮರಳು ಮೂಟೆ ಎದೆಮಟ್ಟಕ್ಕೆ ಬಂದಿತ್ತು. ಗಾಳಿ ಕೊಳವೆ ಮೇಲೆ ಕೈ ಇಟ್ಟಿದ್ದೆ. ಕೈಗೆ ಗೊತ್ತಾಯ್ತು, ಆಮೇಲೆ ಕಿವೀಗೂ ಕೇಳಿಸ್ತು. ಮೂರು ಸಲ. ಬಿಟ್ಟು ಮೂರು ಸಲ. ಮೇಸ್ತ್ರಿ ಒನೊದೆರಾ ಹತ್ರ ಹೋಗಿ ಹೇಳ್ದೆ, ಒಳಗೆ ಯಾರೋ ತಟ್ತಿದಾರೆ ಅಂತ. ಅವ್ನು ಕೊಳವೆಗೆ ಕಿವಿ ಇಟ್ಟ. ಬಿಸಿಗೆ ಕಬ್ಬಿಣ ಹಿಗ್ಗೋ ಸದ್ದು ಕಣೋ, ಮೂಟೆ ಎತ್ತು ಅಂದ."

"ಎತ್ತಿದ್ರಾ?"

"ಎತ್ತಿದೆ. ಆಮೇಲೂ ಎತ್ತಿದೆ. ಕೊನೇ ಮೂಟೆ ಇಟ್ಟೋನೂ ನಾನೇ. ಅಲ್ಲೀತನಕ ತಟ್ತಾನೇ ಇತ್ತು ಸುಮಿಯೆ."

ಮಾಮೆ ಇನ್ನೂ ನನ್ನ ಅಂಗೈಯಲ್ಲಿತ್ತು. ಇಪ್ಪತ್ತಾರು ವರ್ಷ ಪ್ರತಿ ತಿಂಗಳೂ ಈ ಮನುಷ್ಯ ಚಿಯೊಳ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ, ಅವಳ ಕ್ಷೌರದ ಕತ್ತಿಗೆ ಕತ್ತು ಕೊಟ್ಟು, ಕಣ್ಣು ಮುಚ್ಚಿ ಮಲಗುತ್ತಿದ್ದರಲ್ಲ, ಅದೇ ನನ್ನ ಕಣ್ಣಿಗೆ ಬಂತು. ಮಂಜಿನ ದಿನಗಳಲ್ಲೂ ಹೋಗುತ್ತಿದ್ದರು, ಕೂದಲು ಬೆಳೆಯದಿದ್ದರೂ ಹೋಗುತ್ತಿದ್ದರು.

ಮಾಮೆಯನ್ನು ಹಿತ್ತಲಿನ ಆಲೂಗಡ್ಡೆ ಪಾತಿಯ ಅಂಚಿನಲ್ಲಿ ಹೂಳಿದೆವು. ಇಸಾಕು ಗುಂಡಿಯನ್ನು ತೀರಾ ಆಳವಿಲ್ಲದೆ ತೋಡಿದರು. ಮಣ್ಣು ಮುಚ್ಚುವ ಕೆಲಸವನ್ನು ನನಗೆ ಬಿಟ್ಟರು.

ಮುಂದಿನ ಸೋಮವಾರ, ಕ್ಷೌರದಂಗಡಿಗೆ ರಜೆಯಿರುವ ದಿನ, ನಾವಿಬ್ಬರೂ ಚಿಯೊಳ ಮನೆಗೆ ಹೋದೆವು. ಅವಳು ಮುಂಭಾಗದ ಅಂಗಡಿಯಲ್ಲೇ ಬಿಳಿಯ ಟವೆಲ್ಲುಗಳನ್ನು ಮಡಿಸುತ್ತ ಕೂತಿದ್ದಳು.

"ಏನಣ್ಣ, ರಜದ ದಿನ ಬಂದ್ರೆ ಬಿಟ್ಟಿಯಾಗಿ ಕತ್ತರಿಸ್ತೀನಿ ಅನ್ಕೊಂಡ್ಯಾ?" ಎಂದು ನಕ್ಕಳು. ನಮ್ಮ ಮುಖ ನೋಡಿ ನಗು ನಿಲ್ಲಿಸಿದಳು.

ಇಸಾಕು ಕುರ್ಚಿಯಲ್ಲಿ ಕೂರಲಿಲ್ಲ. ನೆಲದ ಮೇಲೆ ಮಂಡಿಯೂರಿ, ತಲೆ ಬಗ್ಗಿಸಿ, ನನಗೆ ಹೇಳಿದ್ದನ್ನೇ ಹೇಳಿದರು. ಇಲಿಗಳ ವಿಷಯವನ್ನೂ ಬಿಡಲಿಲ್ಲ. ಚಿಯೊ ಟವೆಲ್ಲು ಮಡಿಸುವುದನ್ನು ನಿಲ್ಲಿಸಲಿಲ್ಲ. ಕೊನೆಯ ಟವೆಲ್ಲು ಮುಗಿದ ಮೇಲೆ ಕೇಳಿದಳು, "ಜೋರಾಗಿ ತಟ್ತಿದ್ನಾ? ಅಥವಾ ಮೆಲ್ಲಗಾ?"

"ಮೊದಲು ಜೋರಾಗಿ. ಆಮೇಲೆ ಮೆಲ್ಲಗೆ."

"ಅದು ತೊಕುಜಿನಾ?"

"ಗೊತ್ತಿಲ್ಲ ಚಿಯೊ. ಮೂವರಲ್ಲಿ ಯಾರೋ."

ಅವಳು ಎದ್ದು ಒಳಕ್ಕೆ ಹೋದಳು. ನಲ್ಲಿಯಲ್ಲಿ ನೀರು ಬಹಳ ಹೊತ್ತು ಹರಿಯುತ್ತಿತ್ತು. ಹೊರಗೆ ಬಂದಾಗ ಮುಖ ತೊಳೆದಿದ್ದಳು.

"ಅಣ್ಣ, ಇನ್ಮೇಲೆ ನೀನು ಬೇರೆ ಕಡೆ ಕತ್ತರಿಸ್ಕೋ. ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ."

"ಸರಿ."

"ಸುಮಿ ಅಕ್ಕ, ನೀನು ಮೊಹರು ಕೈಗೆ ಕೊಟ್ಟೆಯಲ್ಲ, ಆಗ ನಿಂಗೆ ಇದು ಗೊತ್ತಿತ್ತಾ?"

"ಇಲ್ಲ ಚಿಯೊ. ತೊಕುಜಿ ಆಣೆಗೂ ಇಲ್ಲ."

ಅವಳು ನನ್ನನ್ನು ನೋಡಿದ ನೋಟದಲ್ಲಿ ನಂಬಿಕೆ ಇತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ನಾವು ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದಳು. "ಆ ಇನ್ನೊಂದು ಇಲಿ ಏನಾಯ್ತು?"

"ಇದೆ. ಏನೂ ತಿಂತಿಲ್ಲ. ಜೊತೆಯದ್ದು ಸತ್ತರೆ ಅವು ಹಾಗೇ," ಎಂದೆ.

"ನಂಗೆ ಕೊಡಿ."

ಮರುದಿನ ಗೊಮಾವನ್ನು ಕೊಟ್ಟುಬಂದೆ. ತೊಟ್ಟಿ ಬೇಡವೆಂದಳು. ಕನ್ನಡಿಯ ಕೆಳಗೆ ಅಗಲವಾದ ಮರದ ಪೆಟ್ಟಿಗೆಯಿಟ್ಟು ಹೊಟ್ಟು ತುಂಬಿದಳು. ನಾನು ಮೀನಿನಂಗಡಿಯಲ್ಲಿ ಸಿಕ್ಕಿದಾಗಲೆಲ್ಲ ಅವಳೇ ಸುದ್ದಿ ಹೇಳುತ್ತಿದ್ದಳು. ಗೊಮಾ ಈಗ ತಿನ್ನುತ್ತದಂತೆ. ಗಿರಾಕಿಗಳ ಚಪ್ಪಲಿ ಸದ್ದಿಗೆ ಎದ್ದು ನಿಂತು ನೋಡುತ್ತದಂತೆ. ಆದರೆ ಅಗಿಯುವುದಿಲ್ಲ. ಒಂದು ಬೆರಳಿನಷ್ಟೂ ತೋಡದೆ ಹೊಟ್ಟಿನ ಮೇಲೆಯೇ ಮಲಗುತ್ತದೆ, ಮುಖ ಮಾತ್ರ ಕೆಳಗೆ ಮಾಡಿಕೊಂಡು, ಏನೋ ಕೇಳಿಸಿಕೊಳ್ಳುವ ಹಾಗೆ.

"ನಿಂಗೇನಾದ್ರೂ ಕೇಳಿಸ್ತಾ?" ಎಂದೊಮ್ಮೆ ಕೇಳಿದೆ.

"ಕೇಳ್ಸಿದ್ರೆ ನಿಂಗೆ ಹೇಳ್ತೀನಾ?" ಎಂದು ಚೀಲಕ್ಕೆ ಮೀನು ಹಾಕಿಕೊಂಡು ಹೊರಟುಹೋದಳು.

ಅಕ್ಟೋಬರ್ ಬಂತು. ಪ್ರತಿ ವರ್ಷ ಆ ದಿನ ಗಣಿಯವರೆಲ್ಲ ಕಡಲಂಚಿನ ಬೆಟ್ಟದ ಮೇಲಿನ ಸ್ಮಾರಕದ ಹತ್ತಿರ ಸೇರುತ್ತೇವೆ. ಬೆಳಗಿನ ಹತ್ತು ಗಂಟೆ. ಗುರುಗಳು ಮಂತ್ರ ಓದಿದರು, ಒಬ್ಬೊಬ್ಬರಾಗಿ ಊದುಬತ್ತಿ ಹಚ್ಚಿದೆವು. ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ, ಚಹಾ ಕುಡಿದು ಮನೆಗೆ ಹೋಗುತ್ತೇವೆ. ಆ ವರ್ಷ ಇಸಾಕು ಕಲ್ಲಿನ ಮುಂದೆ ತಿರುಗಿ ನಿಂತು, ಎಲ್ಲರಿಗೂ ಕೇಳಿಸುವಂತೆ ನಡೆದದ್ದನ್ನೆಲ್ಲ ಹೇಳಿದರು. ನಾನು ಕತ್ತರಿಸಿದ ಅವರ ಕೂದಲು ಕಿವಿಯ ಹತ್ತಿರ ಏರುಪೇರಾಗಿತ್ತು, ಗಾಳಿಗೆ ಎದ್ದು ನಿಲ್ಲುತ್ತಿತ್ತು. ಕೊಳವೆ, ಮೂಟೆ, ಮೂರು ಸಲ ತಟ್ಟಿದ್ದು, ಕೊನೆಯ ಮೂಟೆ. ಒನೊದೆರಾ ಸತ್ತು ಹನ್ನೆರಡು ವರ್ಷವಾಗಿದೆ, ಅವನ ಮೇಲೆ ಹೊರಿಸಲು ತಾನು ಮಾತಾಡುತ್ತಿಲ್ಲ, ಮೂಟೆ ಎತ್ತಿದ ಕೈ ತನ್ನದೇ ಎಂದರು.

ಚಿಯೊ, ಮತ್ತೆ ಸತ್ತ ಇನ್ನಿಬ್ಬರ ಮನೆಯವರೂ ಅಲ್ಲೇ ಇದ್ದರು. ಒಬ್ಬರ ಮುದುಕಿ ತಾಯಿ, "ಏನಂದ? ಏನಂತೆ?" ಎಂದು ಸೊಸೆಯನ್ನು ಕೇಳುತ್ತಿದ್ದಳು. ಸೊಸೆ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಳು.

ಆಗ ಹಿಂದಿನ ಸಾಲಿನಿಂದ ಕುಮೆತಾ ಮುಂದೆ ಬಂದ. ಅವನೂ ಆ ಎಂಟು ಜನರಲ್ಲಿ ಒಬ್ಬ. ಎಪ್ಪತ್ತು ದಾಟಿದ ಮನುಷ್ಯ, ಕಲ್ಲಿದ್ದಲ ಧೂಳಿನಿಂದ ಎದೆ ಕೆಟ್ಟು, ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು ಚಕ್ರದ ಗಾಡಿ ಎಳೆದುಕೊಂಡು ಬಂದಿದ್ದ.

"ನಂಗೂ ಕೇಳಿಸಿತ್ತು ಇಸಾಕು," ಎಂದ.

"ನೀನು ನನ್ನ ಪಕ್ಕದಲ್ಲೇ ಇದ್ದೆ. ಕೇಳಿಸಿರತ್ತೆ ಅಂತ ಗೊತ್ತಿತ್ತು."

"ಆ ಹೊತ್ತಲ್ಲ." ಕುಮೆತಾ ನಿಂತು ಉಸಿರೆಳೆದುಕೊಂಡ. "ಆ ಹೊತ್ತು ನಂಗೇನೂ ಕೇಳಿಸ್ಲಿಲ್ಲ. ಗೋಡೆ ಕಾಯೋಕೆ ನನ್ನ ಹಾಕಿದ್ರು. ಗೋಡೆ ಎದ್ದ ನಾಲ್ಕನೇ ದಿನ. ಒಳಗೆ ಉಸಿರಾಡೋ ಗಾಳಿ ಇಲ್ಲ, ಬರೀ ವಿಷ ಅಂತ ಆಗ್ಲೇ ಅಳತೆ ಮಾಡಿ ಹೇಳಿದ್ರು. ಒಂದು ಇಲಿನೂ ಬದುಕಿರಲ್ಲ ಅಂದಿದ್ರು. ಆಗ ಕೇಳಿಸ್ತು. ಮೂರು ಸಲ, ಬಿಟ್ಟು ಮೂರು ಸಲ. ನಾನು ಬುತ್ತಿ ಬಿಟ್ಟು ಮೇಲಕ್ಕೆ ಓಡಿದೆ."

ಕೆಳಗೆ ಸಮುದ್ರ ಬಂಡೆಗೆ ಬಡಿಯುತ್ತಿತ್ತು. ಇಸಾಕು ಇಪ್ಪತ್ತಾರು ವರ್ಷ ಹೊತ್ತ ಭಾರಕ್ಕೆ ಕೊನೆಗೊಂದು ಆಕಾರ ಸಿಕ್ಕಿತೆಂದುಕೊಂಡಿದ್ದರು. ತಟ್ಟಿದ್ದು ಬದುಕಿದ್ದವರೋ ಸತ್ತವರೋ ಎಂದೇ ತಿಳಿಯದಾಗಿ ಅದೂ ಈಗ ಕೈಜಾರಿತು.

ಚಿಯೊ ಕುಮೆತಾನ ಹತ್ತಿರ ಹೋದಳು. ಅವನು ಹೆದರಿ ಒಂದು ಹೆಜ್ಜೆ ಹಿಂದಿಟ್ಟ. ಅವಳು ಬಗ್ಗಿ, ಅವನ ಗಾಡಿಯ ಚಕ್ರಕ್ಕೆ ಸುತ್ತಿಕೊಂಡಿದ್ದ ನಳಿಕೆಯನ್ನು ಬಿಡಿಸಿ ನೇರ ಮಾಡಿದಳು.

"ಇದು ತಿರುಚಿಕೊಂಡಿದೆ ಮಾವ. ಹೀಗಿದ್ರೆ ಗಾಳಿ ಹೇಗೆ ಬರತ್ತೆ?" ಎಂದಳು.

ಆಮೇಲೆ ಅವಳೇ ಚಹಾದ ಕೆಟಲ್ ಎತ್ತಿಕೊಂಡು ಎಲ್ಲರಿಗೂ ಬಗ್ಗಿಸುತ್ತ ಬಂದಳು. ಆ ಮುದುಕಿ ತಾಯಿಗೆ, ಸೊಸೆಗೆ, ಕುಮೆತಾಗೆ, ನನಗೆ. ಇಸಾಕುವಿನ ಮುಂದೆ ಬಂದಾಗ ಕೆಟಲ್ ಖಾಲಿಯಾಗಿತ್ತೋ ಅಥವಾ ಅವಳು ಬಗ್ಗಿಸಲಿಲ್ಲವೋ ನಾನು ಕಾಣಲಿಲ್ಲ. ಅವಳು ಅವರ ಕಿವಿಯ ಬಳಿ ಎದ್ದಿದ್ದ ಕೂದಲನ್ನು ನೋಡಿದಳು. "ಯಾರೋ ಕುರಿ ಉಣ್ಣೆ ಕತ್ತರಿಸಿದ ಹಾಗೆ ಕತ್ತರಿಸಿದಾರೆ," ಎಂದು ನನ್ನ ಕಡೆ ತಿರುಗಿ ಹೇಳಿ, ಬೆಟ್ಟ ಇಳಿಯತೊಡಗಿದಳು. ಅಂಗಡಿ ತೆರೆಯುವ ಹೊತ್ತಾಗಿತ್ತು.